'ಬ್ಯಾಡ' ಅನ್ನುವ ಊರು

ನಮ್ಮೂರಲ್ಲಿ ಮದುವೆಯಾದವರನ್ನು ಯಾರೂ "ಏನಾದರೂ ವಿಶೇಷವೇ?" ಎಂದು ಕೇಳುವುದಿಲ್ಲ. ನಮ್ಮ ಜನ ಬಹಳ ಮರ್ಯಾದಸ್ಥರೆಂದು ಇದರಿಂದ ತಿಳಿಯಬೇಡಿ. ಕೇಳುವ ಅಗತ್ಯವೇ ಬೀಳುವುದಿಲ್ಲ, ಅಷ್ಟೆ. ಮಗು ಬೇಕು ಎಂದು ಗಂಡ ಹೆಂಡತಿ ಇಬ್ಬರೂ ಮನಸ್ಸು ಗಟ್ಟಿ ಮಾಡಿದರೆ ಆ ಮನೆಗೆ ಒಂದು ಖೋಲಿ ಹೆಚ್ಚಾಗುತ್ತದೆ. ಮೊದಲು ಗೋಡೆ ಒಳಮುಖವಾಗಿ ಉಬ್ಬುತ್ತದೆ, ಆಮೇಲೆ ಸುಣ್ಣ ಉದುರುತ್ತದೆ, ಆಮೇಲೆ ಗಿಡ್ಡ ಬಾಗಿಲಿನ ಆಕಾರದಲ್ಲಿ ಬಿರುಕು ಬಿಡುತ್ತದೆ. ತಳ್ಳಿ ನೋಡಿದರೆ ಆಚೆಗೆ ಸಣ್ಣ ಕಿಟಕಿಯ ಸಣ್ಣ ಖೋಲಿ ಇರುತ್ತದೆ. ಅದಕ್ಕೆ ಜಾಗ ಎಲ್ಲಿಂದ ಬಂತು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪಕ್ಕದ ಓಣಿ ಅಲ್ಲಿ ಒಂದಿಷ್ಟು ಬಾಗಿ ಮುಂದೆ ಹೋಗುತ್ತದೆ. ನಮ್ಮೂರಲ್ಲಿ ನೆಟ್ಟಗಿರುವ ಓಣಿ ಒಂದೂ ಇಲ್ಲ. ನಿನ್ನೆ ಇಲ್ಲದ ತಿರುವು ಇಂದು ಕಂಡರೆ ಅಂಚೆಯವನಿಗೂ ಸುದ್ದಿ ಗೊತ್ತಾಗುತ್ತದೆ.

ನಮ್ಮದು ಬಣ್ಣದ ಅಂಗಡಿ. ನನ್ನ ಗಂಡ ಶಿವಯೋಗಿಯ ಅಪ್ಪ ಶುರು ಮಾಡಿದ್ದು, ಈಗ ನಾವಿಬ್ಬರೂ ನೋಡಿಕೊಳ್ಳುತ್ತೇವೆ. ಮುಂದೆ ಅಂಗಡಿ, ಹಿಂದೆ ಮನೆ. ಹೊಸ ಖೋಲಿಗೆ ಬಣ್ಣ ಹಚ್ಚುವವರು ನಮ್ಮಲ್ಲಿಗೇ ಬರಬೇಕು. ಮಗು ಹುಟ್ಟಿದವರು ಬಂದರೆ ಗಲಾಟೆಯೋ ಗಲಾಟೆ. ಗಂಡನಿಗೆ ಗಿಳಿಹಸಿರು ಬೇಕು, ಹೆಂಡತಿಗೆ ಗುಲಾಬಿ ಬೇಕು, ಅಜ್ಜಿಗೆ ಎರಡೂ ಬೇಡ. ಇನ್ನು ಕೆಲವರು ವರ್ಷಕ್ಕೊಮ್ಮೆ ಯುಗಾದಿಯ ಮುಂಚೆ, ಅಂಗಡಿಯಲ್ಲಿ ಜನ ಇಲ್ಲದ ಹೊತ್ತು ನೋಡಿ ಬರುತ್ತಾರೆ. ಅವರು ಬಣ್ಣ ಕೇಳುವುದಿಲ್ಲ. ಬಿಳಿ ಸುಣ್ಣ ಮಾತ್ರ ಒಯ್ಯುತ್ತಾರೆ. ನಾನೂ ಅವರ ಮುಖ ನೋಡದೆ ಚೀಲಕ್ಕೆ ತುಂಬಿ ಕೊಡುತ್ತೇನೆ. ಖೋಲಿ ಬಂದು ಮಗು ಬಾರದೆ ಉಳಿದವರು ಅವರು.

ಮಗು ಬಂದ ಮನೆಯಲ್ಲಿ ಆ ಖೋಲಿ ಉಳಿದ ಖೋಲಿಗಳ ಹಾಗೇ ಇರುತ್ತದೆ. ಎಲ್ಲಾ ಹಠ ಖಾಲಿ ಉಳಿದ ಖೋಲಿಗೇ. ಅದು ಬೆಳೆಯುತ್ತದೆ. ಮಗು ಇದ್ದಿದ್ದರೆ ಎಷ್ಟು ಬೆಳೆಯುತ್ತಿತ್ತೋ ಅಷ್ಟೇ. ಬಾಗಿಲ ಚೌಕಟ್ಟು ವರ್ಷ ವರ್ಷ ಒಂದಿಷ್ಟು ಮೇಲೇರುತ್ತದೆ, ಕಿಟಕಿ ಅಗಲವಾಗುತ್ತದೆ. ಬೆಳೆಯುವುದಕ್ಕೆ ಬೇಕಾದ ಜಾಗವನ್ನು ಓಣಿಯಿಂದ ಕೇಳುವುದಿಲ್ಲ, ಮನೆಯಿಂದಲೇ ಕಿತ್ತುಕೊಳ್ಳುತ್ತದೆ. ಒಳಗೆ ಜೋಳದ ಚೀಲ ಇಡಿ, ಟ್ರಂಕು ಇಡಿ, ಬೆಳಗಾಗುವುದರೊಳಗೆ ಹೊಸ್ತಿಲಾಚೆ ಬಂದು ಕೂತಿರುತ್ತದೆ. ಒಡೆದು ಹಾಕಿದವರೂ ಇದ್ದಾರೆ. ಅದು ಮತ್ತೆ ಬಂತು, ಅದೇ ಎತ್ತರದ್ದೇ ಬಂತು.

ಬೇರೆ ಊರುಗಳಲ್ಲಿ ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮೂರಲ್ಲಿ ಅದು ಗಾದೆಯಲ್ಲ. ಆದ್ದರಿಂದ ನಮ್ಮವರು ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುವಂಥ ಒಂದು ಉಪಾಯ ಮಾಡಿಕೊಂಡಿದ್ದಾರೆ. ಮದುವೆಯಾಗಿ ಬಂದ ಹುಡುಗಿಗೆ ಅತ್ತೆ ಮೊದಲು ಕಲಿಸುವುದು ಅದನ್ನೇ. ಸಂಜೆ ದೀಪ ಹಚ್ಚಿ ಗೋಡೆಯ ಕಡೆ ತಿರುಗಿ, "ಬ್ಯಾಡಪ್ಪಾ, ನಮಗ್ಯಾಕ ಬೇಕು ಕೂಸು" ಎಂದು ಜೋರಾಗಿ ಹೇಳಬೇಕು. ಗಂಡನೂ "ಹೌದ್ ಹೌದ್, ಬ್ಯಾಡ" ಎಂದು ದನಿಗೂಡಿಸಬೇಕು. ಹೀಗೆ ದಿನಾ ಹೇಳುತ್ತಾ, ಮನಸ್ಸನ್ನೂ 'ಆದರೆ ಆಗಲಿ' ಅನ್ನುವ ಮಟ್ಟಕ್ಕೆ ಇಟ್ಟುಕೊಂಡು ಸಂಸಾರ ಮಾಡಿದರೆ ಗೋಡೆ ಸುಮ್ಮನಿರುತ್ತದೆ. ಬಸಿರು ನಿಂತ ಮೇಲೆ ಇಬ್ಬರೂ ಧೈರ್ಯವಾಗಿ "ಬೇಕು" ಅಂದರಾಯಿತು. ಮಗು ಬರುವಷ್ಟರಲ್ಲಿ ಖೋಲಿ ಬಂದಿರುತ್ತದೆ, ಖಾಲಿ ಉಳಿಯುವ ಭಯವಿಲ್ಲ. ಊರಿನ ಮುಕ್ಕಾಲು ಪಾಲು ಮಕ್ಕಳು ಹೀಗೆ 'ಬ್ಯಾಡ' ಅನ್ನಿಸಿಕೊಂಡೇ ಹುಟ್ಟಿದವರು. ನಾನೂ ಹಾಗೆ ಹುಟ್ಟಿದವಳೇ.

ನನ್ನ ಮದುವೆಯಾದಾಗ ನನಗೆ ಮೂವತ್ತು ದಾಟಿತ್ತು. ನಮ್ಮತ್ತೆ ಸಂಗವ್ವ ದಿನಾ ಸಂಜೆ ನನ್ನನ್ನೂ ಶಿವಯೋಗಿಯನ್ನೂ ಗೋಡೆಯ ಮುಂದೆ ನಿಲ್ಲಿಸಿ 'ಬ್ಯಾಡ' ಅನ್ನಿಸುತ್ತಿದ್ದರು. ನನ್ನ ದನಿ ಸಣ್ಣದಾದರೆ "ಉಂಡಿಲ್ಲೇನು, ಜೋರ್ ಹೇಳು" ಎಂದು ಗದರುತ್ತಿದ್ದರು. ಒಂದು ವರ್ಷ ಹೋಯಿತು, ಎರಡು ಹೋಯಿತು. ನಾನು ಮುಖ ಸಪ್ಪಗೆ ಮಾಡಿಕೊಂಡರೆ ಊರಿಗೆ ಬಂದಾಕಿ ನೀರಿಗೆ ಬರದೆ ಇರುತ್ತಾಳೇನು, ತಡಿ ಎನ್ನುತ್ತಿದ್ದರು. ನಾನು ತಡೆದೆ. ವರ್ಷಗಟ್ಟಲೆ ತಡೆದೆ. ಬೇಡ ಬೇಡ ಎನ್ನುತ್ತಾ ಕಾಯುವುದು ಎಷ್ಟು ಅಭ್ಯಾಸವಾಗಿತ್ತೆಂದರೆ ಕಾಯುತ್ತಿರುವುದೇ ಮರೆತು ಹೋಗಿತ್ತು. ಮುಟ್ಟು ಏರುಪೇರಾಗಿ, ಎರಡು ತಿಂಗಳು ನಿಂತು, ನಾನು ಒಳಗೊಳಗೇ ಕುಣಿದಾಡಿ, ಆಮೇಲೆ ಅದು ಬಸಿರಲ್ಲ ಎಂದು ಗೊತ್ತಾದ ಮೇಲೆಯೇ ನಾವು ಬಸ್ಸು ಹತ್ತಿ ಜಿಲ್ಲಾ ಊರಿನ ಆಸ್ಪತ್ರೆಗೆ ಹೋದದ್ದು.

ಡಾಕ್ಟರ್ ಬಾಯಿ ನನಗಿಂತ ಚಿಕ್ಕ ಹೆಂಗಸು, ಮೆತ್ತಗೆ ಮಾತಾಡುವವರು. ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನಿಂಗ್ ಮಾಡಿದರು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು, ಹೆಣ್ಣು ಹುಟ್ಟುವಾಗಲೇ ತನ್ನ ಆಯುಷ್ಯಕ್ಕೆ ಬೇಕಾದ ಅಂಡಗಳನ್ನೆಲ್ಲಾ ಹೊತ್ತು ಬಂದಿರುತ್ತಾಳೆ, ಹೊಸದಾಗಿ ಹುಟ್ಟುವುದಿಲ್ಲ, ನಿಮ್ಮಲ್ಲಿ ವಯಸ್ಸಿಗೆ ಇರಬೇಕಾದ್ದಕ್ಕಿಂತ ತೀರಾ ಕಡಿಮೆ ಉಳಿದಿವೆ ಎಂದರು. ಐವಿಎಫ್ ಮಾಡಬಹುದು, ಇಂಜೆಕ್ಷನ್ ಕೊಟ್ಟು ಇರುವಷ್ಟನ್ನು ಬೆಳೆಸಿ ಹೊರಗೆ ತೆಗೆದು, ಅಲ್ಲೇ ಭ್ರೂಣ ಮಾಡಿ ಒಳಗೆ ಇಡಬಹುದು. ಆದರೆ ಒಂದೋ ಎರಡೋ ಸಿಗಬಹುದು, ಒಂದೂ ಸಿಗದಿರಬಹುದು. ಸಿಕ್ಕರೂ ನಿಲ್ಲುತ್ತದೆಂಬ ಭರವಸೆ ಕೊಡಲಾರೆ, ನಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಬೇರೆ ಹೆಣ್ಣುಮಗಳು ಕೊಟ್ಟ ಅಂಡದಿಂದಲೂ ಆಗುತ್ತದೆ, ಅದರಲ್ಲಿ ಆಸೆ ಜಾಸ್ತಿ, ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಏನೂ ಮಾಡದೆ ಹೀಗೇ ಇರುವುದೂ ಒಂದು ದಾರಿಯೇ, ಅದರಲ್ಲಿ ನಾಚಿಕೆಯಿಲ್ಲ. ನಿಮ್ಮ ಸ್ವಂತದ್ದರಲ್ಲೇ ನೋಡುವುದಾದರೆ ಬಹಳ ದಿನ ಯೋಚಿಸುತ್ತಾ ಕೂರಬೇಡಿ.

ನನಗೆ ನೆನಪಾದದ್ದು ಬಣ್ಣದ ಡಬ್ಬಿ. ಕೊನೆಯ ಗೋಡೆಗೆ ಬಂದಾಗ ಬಣ್ಣ ತಳ ಕಂಡಿರುತ್ತದೆ. ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ಇದ್ದದ್ದನ್ನೇ ಕೆರೆದು ಕೆರೆದು ಹಚ್ಚಬೇಕು. ನಾನು ಎಷ್ಟೋ ಗಿರಾಕಿಗಳಿಗೆ ಮೊದಲೇ ಯಾಕೆ ಲೆಕ್ಕ ಹಾಕಲಿಲ್ಲ ಎಂದು ಬೈದಿದ್ದೆ.

"ಭಾಳ ವರ್ಷದಿಂದ ಪ್ರಯತ್ನ ಮಾಡ್ತಿದ್ದೀರಾ?" ಎಂದು ಡಾಕ್ಟರ್ ಬಾಯಿ ಕೇಳಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೊರಗಿನವರಿಗೆ ಏನು ಹೇಳುವುದು. ದಿನಾ ಸಂಜೆ ಗೋಡೆಯ ಮುಂದೆ ನಿಂತು ಬೇಡ ಎನ್ನುತ್ತಿದ್ದೆವು ಅನ್ನುವುದೇ. ಹೌದು ಎಂದು ಶಿವಯೋಗಿ ಸುಳ್ಳು ಹೇಳಿದ. ಚಿಕಿತ್ಸೆ ಬೇಕಾದರೆ ಇಬ್ಬರೂ ಸಹಿ ಮಾಡಬೇಕು, ಮುಟ್ಟಾದ ಎರಡನೆಯ ದಿನ ಬನ್ನಿ ಎಂದು ಹೇಳಿ ಅವರು ಕಳಿಸಿಕೊಟ್ಟರು.

ಬಸ್ಸಿನಲ್ಲಿ ಕೂತಾಗ ನನಗೆ ಭಯ ಶುರುವಾಯಿತು. ಅಲ್ಲಿಯವರೆಗೆ ದುಃಖ ಇತ್ತು, ಭಯ ಇರಲಿಲ್ಲ. 'ಆದರೆ ಆಗಲಿ' ಎನ್ನುತ್ತಾ ಹೊಟ್ಟೆಗೆ ದಿನಾ ಸೂಜಿ ಚುಚ್ಚಿಸಿಕೊಳ್ಳಲು ಆಗುವುದಿಲ್ಲ. 'ನಮಗ್ಯಾಕ ಬೇಕು' ಎನ್ನುತ್ತಾ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಲು ಆಗುವುದಿಲ್ಲ. ಬೇಕು ಎಂದು ಮನಸ್ಸಿನ ತಳದಿಂದ ಅಂದೇ ಆ ಬಾಗಿಲು ದಾಟಬೇಕು. ಅಂದ ಮೇಲೆ ಖೋಲಿ ಬಂದೇ ಬರುತ್ತದೆ. ನಿಲ್ಲದಿರುವ ಸಾಧ್ಯತೆಯೇ ಹೆಚ್ಚು ಎಂದು ಡಾಕ್ಟರ್ ಬಾಯಿ ಹೇಳಿಯಾಗಿತ್ತು. ಹಾಗಾದರೆ ನಮ್ಮ ಪಾಲಿಗೆ ಹೆಚ್ಚಾಗಿ ಬರುವುದು ಖಾಲಿ ಖೋಲಿಯೇ. ಅತ್ತ ದರಿ ಇತ್ತ ಪುಲಿ ಎಂದರೆ ಇದು. ನಾನು ಶಿವಯೋಗಿಯ ತೋಳು ಹಿಡಿದುಕೊಂಡು ಕೂತೆ.

ನಮ್ಮೂರ ಗಡಿಕಲ್ಲಿನಾಚೆ ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ ಇದೆ. ಗಂಡ ಹೆಂಡಿರು ಮಕ್ಕಳ ವಿಷಯ ಮಾತಾಡಬೇಕಾದರೆ ಅಲ್ಲಿಗೆ ಹೋಗುತ್ತಾರೆ, ಅಲ್ಲಿ ಆಡಿದ್ದು ಗೋಡೆಗಳಿಗೆ ಕೇಳುವುದಿಲ್ಲವಂತೆ. ಭಾನುವಾರ ಬಂತೆಂದರೆ ಕಟ್ಟೆ ತುಂಬಿರುತ್ತದೆ, ಶೇಂಗಾ ಮಾರುವವನಿಗೆ ಒಳ್ಳೆ ವ್ಯಾಪಾರ. ನಾವು ಬಸ್ಸಿಳಿದು ನೇರ ಅಲ್ಲಿಗೇ ಹೋದೆವು. ನಾನು ನನ್ನ ಭಯವನ್ನೆಲ್ಲಾ ಹೇಳಿಕೊಂಡೆ. ಶಿವಯೋಗಿ ಪೂರ್ತಿ ಕೇಳಿದ. ಕೊನೆಗೆ, ಸೂಜಿ ಚುಚ್ಚಿಸಿಕೊಳ್ಳುವವಳು ನೀನು, ನೋವು ತಿನ್ನುವವಳು ನೀನು, ನಿನ್ನ ಇಷ್ಟ ಹೇಗೋ ಹಾಗೆ, ನನ್ನದೇನೂ ಅಡ್ಡಿಯಿಲ್ಲ ಎಂದ. ಕೇಳುವವರಿಗೆ ಎಂಥ ಒಳ್ಳೆ ಗಂಡ ಅನ್ನಿಸಬೇಕು. ನನಗೆ ಮೈ ಉರಿಯಿತು. ಯಾಕೆ ಎಂದು ಅವತ್ತು ತಿಳಿಯಲಿಲ್ಲ, ಸಿಟ್ಟಿನಲ್ಲಿ ಅವನಿಗಿಂತ ಮುಂದೆ ಮುಂದೆ ನಡೆದು ಮನೆಗೆ ಬಂದೆ.

ಆಮೇಲಿನ ದಿನಗಳಲ್ಲಿ ನಾನು ಗೋಡೆಗೆ ಅಂಜಿ ಬದುಕಿದೆ. ಬೇರೆಯವರ ಮಗುವನ್ನು ನೋಡಿದರೆ ಮನಸ್ಸು ಎಲ್ಲಿ ಜಾರುತ್ತದೋ ಎಂದು ಕಣ್ಣು ತಿರುಗಿಸುತ್ತಿದ್ದೆ. ಗಿಳಿಹಸಿರು ಬೆರೆಸಿ ಕೊಡು ಎಂದು ಯಾರಾದರೂ ಬಂದರೆ ಶಿವಯೋಗಿಯನ್ನು ಕರೆದು ಒಳಗೆ ಹೋಗಿಬಿಡುತ್ತಿದ್ದೆ. ಬೆಳಗ್ಗೆ ಎದ್ದ ಕೂಡಲೇ ಗೋಡೆಯ ಉದ್ದಕ್ಕೂ ಅಂಗೈ ಸವರಿ ಸಪಾಟಾಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಖ ತೊಳೆಯುವುದು. ಸಪಾಟಾಗಿದ್ದರೆ ಸಮಾಧಾನ. ಆ ಸಮಾಧಾನದ ಬೆನ್ನಿಗೇ ಇನ್ನೊಂದು ಅಂಜಿಕೆ. ಗೋಡೆ ಸಪಾಟಾಗಿದ್ದಷ್ಟು ದಿನವೂ ನನ್ನೊಳಗೆ ಉಳಿದದ್ದು ಕರಗುತ್ತಾ ಹೋಗುತ್ತಿತ್ತು. ಮುಂದಿನ ಮುಟ್ಟು ಬರಬಾರದು ಅನ್ನಿಸುತ್ತಿತ್ತು, ಬಾರದೇ ಹೋದರೆ ಇದ್ದದ್ದೂ ಮುಗಿಯಿತೇ ಎಂದು ದಿನ ಎಣಿಸುತ್ತಿದ್ದೆ.

ನನಗೆ ಕಸ್ತೂರಿ ಚಿಗವ್ವನ ನೆನಪಾಯಿತು. ನನ್ನವ್ವನ ತಂಗಿ. ಪೇಟೆಯಲ್ಲಿ ಖಾನಾವಳಿ ನಡೆಸುತ್ತಾಳೆ, ಅವಳ ಕೈಯ ಎಣ್ಣೆಗಾಯಿ ತಿನ್ನಲು ಲಾರಿಯವರು ದಾರಿ ಬದಲಿಸಿ ಬರುತ್ತಾರೆ. ಅವಳ ಮನೆಯ ಖೋಲಿ ನಾನು ಲಂಗ ಹಾಕುವ ಕಾಲದಿಂದ ಖಾಲಿ ಇದೆ. ಖಾಲಿ ಖೋಲಿಯ ಮನೆಗೆ ಹೋದವರು ಆ ಕಡೆ ಬೆನ್ನು ಮಾಡಿ ಕೂರಬೇಕೆಂಬುದು ನಮ್ಮೂರ ರಿವಾಜು. ಖಾನಾವಳಿಗೆ ಉಣ್ಣಲು ಬಂದವರೆಲ್ಲಾ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ಕೂತು ರೊಟ್ಟಿ ಮುರಿಯುತ್ತಿರುತ್ತಾರೆ. ಹೊಸಬರಿಗೆ ಇದೇನು ಪರೀಕ್ಷೆ ಬರೆಯುತ್ತಿದ್ದಾರೇನೋ ಅನ್ನಿಸೀತು. ಮೊದಲು ಮೂರು ಸಾಲು ಕೂರುತ್ತಿದ್ದರು. ಖೋಲಿ ಬೆಳೆದ ಹಾಗೆ ಎರಡಾಯಿತು, ಈಗ ಒಂದೇ ಸಾಲು. ಚಿಗವ್ವ ಮಲಗುವುದು ಅಡಿಗೆ ಮನೆಯಲ್ಲಿ. ಚಿಗಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಮೊಣಕಾಲು ಮಡಚಿ ಮಲಗುತ್ತಾನೆ.

ಊಟದವರೆಲ್ಲಾ ಎದ್ದು ಹೋದ ಮೇಲೆ ಹೋದೆ. ಚಿಗವ್ವ ತಟ್ಟೆ ಬೆಳಗುತ್ತಿದ್ದಳು. ನಾನು ಆಸ್ಪತ್ರೆಯ ಕಥೆ ಹೇಳಿದೆ, ಇಂಜೆಕ್ಷನ್ನಿನ ಕಥೆ ಹೇಳಿದೆ. ಖೋಲಿ ನೋಡಬೇಕು ಎಂದೆ. ಅಂಥದ್ದನ್ನು ಯಾರೂ ಕೇಳುವುದಿಲ್ಲ. ಚಿಗವ್ವ ಕೈ ಒರೆಸಿಕೊಂಡು, ಬಾ ಎಂದು ಬಾಗಿಲು ತೆರೆದಳು.

ಹೆದರಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಸ್ವಚ್ಛವಾದ ಬಿಳಿ ಖೋಲಿ, ನಾನೇ ತುಂಬಿ ಕೊಟ್ಟ ಸುಣ್ಣ. ಬಾಗಿಲ ಪಕ್ಕದಲ್ಲಿ ಚೌಕಟ್ಟು ಮೇಲೇರುತ್ತಾ ಬಿಟ್ಟುಹೋದ ಗೆರೆಗಳು ಒಂದರ ಮೇಲೊಂದು, ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕುತ್ತಾರಲ್ಲ, ಹಾಗೆ. ಕೆಳಗಿನ ಗೆರೆ ನನ್ನ ಸೊಂಟಕ್ಕೂ ಬರುತ್ತಿರಲಿಲ್ಲ. ಮೇಲಿನದಕ್ಕೆ ಕೈ ನಿಲುಕಲಿಲ್ಲ. ಓಣಿಯ ಕಡೆಯ ಗೋಡೆಯಲ್ಲಿ ಇನ್ನೊಂದು ಬಾಗಿಲು ಇತ್ತು. ಹಿಂದೆ ಅದು ಇದ್ದ ನೆನಪಿಲ್ಲ.

"ಇದು ಯಾವಾಗ ಬಂತು?" ಎಂದೆ.

"ಈ ದೀಪಾವಳಿಗೆ" ಎಂದಳು ಚಿಗವ್ವ. "ವಯಸ್ಸಿಗೆ ಬಂದದಲ್ಲ, ತನ್ನದ ಬ್ಯಾರೆ ಬಾಗಲಾ ಬೇಕಾತು ಅದಕ್ಕ. ಬಾಗಲಾ ಬಂದ ದಿನ ಖಾನಾವಳಿ ಬಂದ್ ಇಟ್ಟು ಇಲ್ಲೇ ಕೂತಿದ್ದೆ, ಯಾರು ಹೊರಗ ಹೋಗ್ತಾರ ನೋಡೂಣು ಅಂತ. ಯಾರೂ ಹೋಗಲಿಲ್ಲ. ಒಳಗ ಯಾರರೆ ಇದ್ರಲ್ಲ ಹೋಗಾಕ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಅಳು ಬಂತು. ನಾನು ಅವಳ ತೋಳು ಹಿಡಿದು, ಅವತ್ತು ಬೇಕು ಅನ್ನದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುವುದಿಲ್ಲವೇ ಎಂದು ಕೇಳಿದೆ. ಅವಳು ಚೌಕಟ್ಟಿಗೆ ಮೆತ್ತಿದ ಸುಣ್ಣವನ್ನು ಸೆರಗಿನಿಂದ ಒರೆಸಿದಳು.

"ಅನಸ್ತದ. ಮಳಿಗಾಲದಾಗ ಮಲಗಾಕ ಜಾಗಾ ಸಾಲದಾಗ ಖರೇನ ಅನಸ್ತದ. ಮತ್ತ ಕೆಲವೊಂದ ದಿನ ಅನಸೂದಿಲ್ಲ. ಬ್ಯಾಡ ಬ್ಯಾಡ ಅಂತ ಒದರೂವಾಗ ನನ್ನ ಬಾಯಾಗಿನ ಮಾತು ನನಗ ಸುಳ್ಳ ಅನಸ್ತಿತ್ತು ನೀಲಾ. ಖೋಲಿ ಬಂದ ಮ್ಯಾಲೆ ಅದೊಂದು ತಪ್ಪಿತು. ನನ್ನ ನೋಡಿ ಹೂಂ ಅನ್ನಬ್ಯಾಡ. ನನ್ನ ನೋಡಿ ಉಹೂಂ ಅಂತನೂ ಅನ್ನಬ್ಯಾಡ. ನಿನಗ ಬೇಕಾಗೇದೋ ಇಲ್ಲೋ, ಅಷ್ಟ ಹೇಳು."

ನಾನು ಸುತ್ತ ನೋಡಿದೆ. ಗೋಡೆಗಳಿದ್ದವು ಎಂದು ಅಂಜಿದೆ. ಚಿಗವ್ವ ಅದನ್ನು ನೋಡಿದಳು. ಒಂದು ರೊಟ್ಟಿ, ಅದರ ಮೇಲಿಷ್ಟು ಎಣ್ಣೆಗಾಯಿ ಹಾಕಿ ಕೈಗೆ ಕೊಟ್ಟು, ತಿಂದು ಹೋಗು ಎಂದಳು. ನಾನು ಖೋಲಿಯ ಕಡೆ ಮುಖ ಮಾಡಿಕೊಂಡೇ ಕೂತು ತಿಂದೆ.

ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು, ಶಿವಯೋಗಿ ಅಂಗಡಿಯಲ್ಲಿ ಗಿರಾಕಿಯ ಜೊತೆ ಇದ್ದ. ಅತ್ತೆ ದೀಪ ಹಚ್ಚಿದರು, ಕೈ ಮುಗಿದರು, ಗೋಡೆಯ ಕಡೆ ತಿರುಗಿದರು. ನಾನು ಬಾಯಿ ತೆರೆಯಲು ಕಾಯುತ್ತಾ ನಿಂತೆ. ಅವರು 'ಬ್ಯಾಡ' ಅನ್ನಲಿಲ್ಲ. ಡಾಕ್ಟರ್ ಬಾಯಿ ಹೇಳಿದ್ದನ್ನು ಶಿವಯೋಗಿ ಅವರಿಗೆ ತಿಳಿಸಿದ್ದ. ಸೆರಗಿನಿಂದ ಕಣ್ಣು ಒತ್ತಿಕೊಂಡು, ಕಲಿಸಿದವಳು ನಾನೇ ಅಲ್ಲವೇನವ್ವಾ, ಇನ್ನು ನನ್ನ ಬಾಯಿಂದ ಆ ಮಾತು ಬರುವುದಿಲ್ಲ ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ಆ ಗಟ್ಟಿ ದನಿಯ ಹೆಂಗಸು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿದು ಹೋಯಿತು. ಅವರ ಅತ್ತೆ ಅವರಿಗೆ ಕಲಿಸಿದ್ದನ್ನೇ ಅವರು ನನಗೆ ಕಲಿಸಿದ್ದರು, ಅವರಿಗೆ ಫಲಿಸಿತ್ತು, ನನಗೆ ಫಲಿಸಲಿಲ್ಲ.

ಗೋಡೆಯ ಮುಂದೆ ನಾನೊಬ್ಬಳೇ ಉಳಿದೆ. ಎರಡೂ ಕೈಯನ್ನು ಗೋಡೆಗೆ ಊರಿ, "ನನಗ ಬೇಕು" ಎಂದೆ. ದನಿ ಹೊರಡಲಿಲ್ಲ. ಇನ್ನೊಮ್ಮೆ ಹೇಳಿದೆ. ಅಷ್ಟು ವರ್ಷ ಬಾಯಲ್ಲಿ ಬಾರದಿದ್ದ ಮಾತು ಬಂದಾಗ ಮೊದಲು ಹಗುರವೆನ್ನಿಸಿತು. ಆಮೇಲೆ, ಏನು ಮಾಡಿಬಿಟ್ಟೆ ಎಂದು ಕೈ ಹಿಂದೆಗೆದುಕೊಂಡೆ. ಇನ್ನು ಗೋಡೆ ಉಬ್ಬುತ್ತದೆ, ಓಣಿ ಬಾಗುತ್ತದೆ, ಊರು ನೋಡುತ್ತದೆ.

ಮರುದಿನ ಗೋಡೆ ಸಪಾಟಾಗಿತ್ತು. ಅದರ ಮರುದಿನವೂ. ನಾನು ಅಂಗೈ ಸವರಿದೆ, ಕಿವಿಯಿಟ್ಟು ಕೇಳಿದೆ, ಬೆರಳಿನಿಂದ ಬಡಿದು ನೋಡಿದೆ. ಇಷ್ಟು ದಿನ ಉಬ್ಬೀತು ಎಂದು ಅಂಜಿದವಳು ಈಗ ಉಬ್ಬದಿದ್ದಕ್ಕೆ ಅಂಜಿದೆ. ನನ್ನ ಹೊತ್ತು ಮೀರಿತೆಂದು ಗೋಡೆಗೂ ಗೊತ್ತಾಗಿರಬೇಕು, ಖಾಲಿ ಖೋಲಿಗೂ ನಾನು ಯೋಗ್ಯಳಲ್ಲವೇನೋ ಎಂದುಕೊಂಡೆ. ಹಾಗೆ ಅಂದುಕೊಂಡು ಕಣ್ಣೀರು ಹಾಕಿದೆ. ಬೇಡದ್ದಕ್ಕಾಗಿ ಅಳುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಬೇಸರವಾಯಿತು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರಿಗೆ ಬಣ್ಣ ಬೆರೆಸುತ್ತಿದ್ದೆ. ಡಬ್ಬಿಯನ್ನು ಒಬ್ಬರು ಹಿಡಿಯಬೇಕು, ಒಬ್ಬರು ತಿರುವಬೇಕು. ಹಿಡಿಯಲು ಬನ್ನಿ ಎಂದು ಶಿವಯೋಗಿಯನ್ನು ಕರೆದೆ. ಹಾಗೆ ಕರೆದಾಗಲೇ ನನಗೆ ಹೊಳೆದದ್ದು. ಖೋಲಿ ಒಬ್ಬರ ಮಾತಿಗೆ ಬರುವುದಿಲ್ಲ. ಇಬ್ಬರೂ ಬೇಕು ಅನ್ನಬೇಕು. ನಾನು ಅಂದಿದ್ದೆ. ಇವನು ಅಂದಿರಲಿಲ್ಲ. ಕಟ್ಟೆಯ ಮೇಲೆ ನನಗೆ ಮೈ ಉರಿದದ್ದು ಯಾಕೆ ಎಂದು ಆಗ ತಿಳಿಯಿತು. 'ನಿನ್ನ ಇಷ್ಟ' ಎಂದು ಭಾರವನ್ನೆಲ್ಲಾ ನನ್ನ ತಲೆಯ ಮೇಲಿಟ್ಟು ಇವನು ಪಕ್ಕಕ್ಕೆ ಸರಿದಿದ್ದ.

ಗಿರಾಕಿ ಹೋಗುವವರೆಗೆ ತಡೆದುಕೊಂಡೆ. ಆಮೇಲೆ, ನಾನು ಬೇಕು ಅಂದು ಎಷ್ಟು ದಿನವಾಯಿತು, ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದೆ. ಕಟ್ಟೆಗೆ ಹೋಗೋಣ ಎಂದ. ಇಲ್ಲ, ಇಲ್ಲೇ, ಗೋಡೆಗಳಿಗೂ ಕೇಳಲಿ ಎಂದೆ. ಅವನು ಕೈಯಲ್ಲಿದ್ದ ಬಟ್ಟೆಯಿಂದ ಒಂದೇ ಡಬ್ಬಿಯನ್ನು ಒರೆಸುತ್ತಾ ನಿಂತ.

"ನನಗ ಖೋಲಿ ಅಂಜಿಕಿ ಇಲ್ಲ. ನೀ ಅದರೊಳಗ ಹೋಗಿ ಕೂಡತಿ ಅಂತ ಅಂಜಿಕಿ" ಎಂದ. "ಖಾಲಿ ಉಳೀತಂದ್ರ ನೀ ಹೋಗಿ ಕೂಡತಿ ನೀಲಾ. ನಿನ್ನ ನಾ ಬಲ್ಲೆ. ಒಂದ ಬಣ್ಣ ಸರಿಯಾಗಿ ಕೂಡಲಿಲ್ಲಂದ್ರ ಎರಡ ದಿನ ಊಟಾ ಬಿಡಾಕಿ ನೀ. ಒಳಗ ಕೂತ್ರ ಹೊರಗ ಬರೂದಿಲ್ಲ. ಆವಾಗ ನನಗ ಕೂಸೂ ಇಲ್ಲ, ನೀನೂ ಇಲ್ಲ. ಬ್ಯಾಡ ಅಂದ್ರ ನಿನ್ನ ಆಸೆ ಕೊಂದಂಗ ಆಗ್ತದ. ಬೇಕು ಅನ್ನಾಕ ಬಾಯಿ ಬರವಲ್ಲದು. ಅದಕ್ಕ ನಿನ್ನ ಇಷ್ಟ ಅಂದೆ."

ಅವನು ಅಷ್ಟು ಉದ್ದ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ನನ್ನ ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಅದರ ಕೆಳಗೆ ಪ್ರೀತಿ ಎದ್ದು ಬಂತು. ಹಾಗೆ ಆಗುವುದಿಲ್ಲ ಎಂದು ಆಣೆ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಅವನು ಹೇಳಿದ್ದು ನಿಜ.

"ಹೋಗಿ ಕೂತರೂ ಕೂಡಬಹುದು" ಎಂದೆ. "ಬಂದು ಕರೀರಿ."

"ಬರಲಿಲ್ಲಂದ್ರ?"

"ನೀವೂ ಒಳಗ ಬಂದು ಕೂಡ್ರಿ."

ಅವನು ಡಬ್ಬಿಯನ್ನು ಅದರ ಜಾಗದಲ್ಲಿಟ್ಟು ಹೊರಗೆ ಹೋದ. ಸಂಜೆಯವರೆಗೆ ಬರಲಿಲ್ಲ. ಬಂದವನು ಉಂಡು ಮಲಗಿದ. ಆ ವಾರವೆಲ್ಲಾ ನಾವು ಅಂಗಡಿಯ ಮಾತು ಬಿಟ್ಟು ಬೇರೆ ಆಡಲಿಲ್ಲ. ಗೋಡೆ ಸಪಾಟಾಗಿಯೇ ಇತ್ತು. ನಾನು ಅದನ್ನು ಮುಟ್ಟುವುದನ್ನೂ ಬಿಟ್ಟೆ. ಇವನ ಮನಸ್ಸನ್ನು ಎಳೆದು ತರಲು ನನ್ನಿಂದ ಆಗದು, ಎಳೆದು ತಂದ ಮನಸ್ಸಿಗೆ ಗೋಡೆ ಒಲಿಯುವುದೂ ಇಲ್ಲ. ಹಾಗೇ ಇರುವುದೂ ಒಂದು ದಾರಿ ಎಂದು ಡಾಕ್ಟರ್ ಬಾಯಿ ಹೇಳಿದ್ದನ್ನು ನನಗೆ ನಾನೇ ಹೇಳಿಕೊಂಡೆ. ಹಗಲು ಅದು ಸರಿಯೆನ್ನಿಸುತ್ತಿತ್ತು.

ಮುಟ್ಟು ಬಂತು. ಮರುದಿನ ಆಸ್ಪತ್ರೆಗೆ ಹೋಗಬೇಕು, ಹೋಗದಿದ್ದರೆ ಇನ್ನೊಂದು ತಿಂಗಳು ಕರಗಿತು. ನಾನು ಅತ್ತೆಗೆ ಮಾತ್ರ ಹೇಳಿದೆ. ಅತ್ತೆ ಮಗನಿಗೆ ಹೇಳಿದರೋ ಏನೋ, ಗೊತ್ತಿಲ್ಲ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ, ಹೋಗುವುದೋ ಬಿಡುವುದೋ ಎಂದು ಒಂದೇ ಸೀರೆಯನ್ನು ಮತ್ತೆ ಮತ್ತೆ ಹಿಂಡುತ್ತಿದ್ದೆ. ಅಂಗಡಿಯ ಕಡೆಯಿಂದ ಏನೋ ಎಳೆಯುವ ಸದ್ದು ಬಂತು. ನಡು ಹಗಲಿನಲ್ಲೇ ಅಂಗಡಿಯ ಬಾಗಿಲು ಹಾಕಿದಂತಿತ್ತು.

ಒದ್ದೆ ಕೈಯಲ್ಲೇ ಹೋಗಿ ನೋಡಿದೆ. ನಮ್ಮ ಮನೆಗೆ ಖೋಲಿ ಬರುವುದಾದರೆ ಬರಬೇಕಾದ್ದು ಓಣಿಯ ಕಡೆಯ ಗೋಡೆಗೆ, ನಾನು ದಿನಾ ಸವರುತ್ತಿದ್ದ ಆ ಗೋಡೆ ಮನೆಯಿಂದ ಅಂಗಡಿಯವರೆಗೂ ಒಂದೇ. ಅಂಗಡಿಯೊಳಗೆ ಅದಕ್ಕೆ ಒರಗಿಸಿಟ್ಟ ಕಪಾಟು ಮಾವನವರ ಕಾಲದ್ದು. ಅದನ್ನು ಯಾರೂ ಅಲುಗಿಸಿರಲಿಲ್ಲ. ಶಿವಯೋಗಿ ಅದರೊಳಗಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಈಚೆ ಇಡುತ್ತಿದ್ದ. ಅರ್ಧ ಕಪಾಟು ಖಾಲಿಯಾಗಿತ್ತು. ಬೆವರು ಇಳಿಯುತ್ತಿತ್ತು. ನನ್ನನ್ನು ನೋಡಿದ, ಕೆಲಸ ನಿಲ್ಲಿಸಲಿಲ್ಲ.

"ಯಾಕ್ರೀ?" ಎಂದೆ.

"ಜಾಗಾ ಬೇಕಲ್ಲ ಅದಕ್ಕ" ಎಂದ. "ಬೇಕು ನನಗ. ನನಗೂ ಬೇಕು."

ಗೋಡೆ ಇನ್ನೂ ಸಪಾಟಾಗಿತ್ತು. ನಾನು ಉಳಿದ ಡಬ್ಬಿಗಳನ್ನು ಇಳಿಸಿದೆ. ಇಬ್ಬರೂ ಸೇರಿ ಕಪಾಟನ್ನು ಎಳೆದೆವು. ಅದರ ಹಿಂದಿನ ಗೋಡೆಯ ಮೇಲೆ ಎಷ್ಟೋ ವರ್ಷದ ದೂಳು, ಮಾವನವರು ಹಚ್ಚಿದ್ದ ಹಳೆಯ ನೀಲಿ. ಶಿವಯೋಗಿ ಅಂಗೈಯಿಂದ ದೂಳು ಒರೆಸಿದ, ಒರೆಸಿದ ಕೈಯನ್ನು ಅಲ್ಲೇ ಇಟ್ಟ. ನಾನು ಅವನ ಕೈಯ ಪಕ್ಕ ನನ್ನದನ್ನು ಇಟ್ಟೆ.

"ಅಂಜಿಕಿ ಹೋತೇನ್ರೀ?" ಎಂದೆ.

"ಇಲ್ಲ" ಎಂದ. "ನಿಂದು?"

"ನಂದೂ ಹೋಗಿಲ್ಲ" ಎಂದೆ.

ಗೋಡೆ ಒಳಗಿನಿಂದ ಮೆಲ್ಲಗೆ, ಒಂದೇ ಒಂದು ಸಲ, ನಮ್ಮ ಕೈಗಳನ್ನು ಒದೆಯಿತು.